ರಸ್ತೆಯ ಮೇಲಿನ ನೀರು, ಅಡಿಯ ಕೊಳವೆ: ನಗರ ಪ್ರವಾಹಕ್ಕೆ ಜೋಡಿ ಮಾಡೆಲ್ ಕಟ್ಟುವ ಕ್ರಮ

ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿರುವಾಗ ಅದರಡಿಯ ಮಳೆನೀರಿನ ಕೊಳವೆ ಅರ್ಧವೂ ತುಂಬದೆ ಇರಬಹುದು. ಇನ್ನೊಂದು ಕಡೆ, ಒಂದು ಹನಿಯೂ ಬೀಳದ ಬೀದಿಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಎದ್ದು ನೀರು ಉಕ್ಕಬಹುದು. ನೋಡುವವರಿಗೆ ಎರಡೂ ಒಂದೇ: ‘ಚರಂಡಿ ಸಾಲಲಿಲ್ಲ’. ಆದರೆ ಮೊದಲನೆಯ ಕಡೆ ಬೇಕಿರುವುದು ನೀರು ಒಳಗಿಳಿಯಲು ಹೆಚ್ಚು ಬಾಯಿಗಳು. ಎರಡನೆಯ ಕಡೆ ಬೇಕಿರುವುದು ಕೆಳಗೆ ದೊಡ್ಡ ಕೊಳವೆ, ಇಲ್ಲವೇ ಮೇಲುಗಡೆ ನೀರನ್ನು ತಡೆದಿಡುವ ಜಾಗ. ರೋಗ ಯಾವುದೆಂದು ತಿಳಿಯದೆ ಅಗೆದರೆ ಹಣ ಹರಿದುಹೋಗುತ್ತದೆ, ನೀರು ಅಲ್ಲೇ ನಿಲ್ಲುತ್ತದೆ.

ಈ ವ್ಯತ್ಯಾಸವನ್ನು ತೋರಿಸಬಲ್ಲದ್ದು ಜೋಡಿ ಮಾಡೆಲ್. ಇದರಲ್ಲಿ ಕೊಳವೆಯೊಳಗಿನ ಹರಿವನ್ನು ಒಂದೇ ಆಯಾಮದಲ್ಲೂ ರಸ್ತೆ, ಅಂಗಳ, ಬಯಲಿನ ಹರಿವನ್ನು ಎರಡು ಆಯಾಮದಲ್ಲೂ ಲೆಕ್ಕ ಹಾಕಿ, ಎರಡನ್ನೂ ಚರಂಡಿಯ ಬಾಯಿಗಳಲ್ಲಿ ಕೂಡಿಸುತ್ತೇವೆ. ಎರಡೂ ಕಡೆಯ ಸಮೀಕರಣಗಳು ಹಳೆಯವು, ಸಾಫ್ಟ್‌ವೇರ್‌ಗಳು ಅವನ್ನು ಚೆನ್ನಾಗಿಯೇ ಬಿಡಿಸುತ್ತವೆ. ಫಲಿತಾಂಶ ಕೆಡುವುದು ಬಹುಪಾಲು ಎರಡು ಕಡೆ: ನೆಲದ ಮಟ್ಟದಲ್ಲಿ, ಮತ್ತು ಮೇಲಿನ ನೀರು ಕೊಳವೆಗೆ ಇಳಿಯುವ ಬಾಯಿಯಲ್ಲಿ. ಹಾಗಾಗಿ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಆ ಎರಡಕ್ಕೇ ಮೀಸಲು.

ಹಂತ 1: ಸಾಫ್ಟ್‌ವೇರ್‌ಗಿಂತ ಮೊದಲು ಪ್ರಶ್ನೆ

ಬೇಕಿರುವ ಉತ್ತರ ಯಾವುದೆಂದು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ‘ಈ ಅಡ್ಡರಸ್ತೆಯಲ್ಲಿ ನೀರು ಯಾಕೆ ನಿಲ್ಲುತ್ತದೆ’ ಎಂಬ ಪ್ರಶ್ನೆಗೆ 1–2 ಮೀಟರ್ ಗ್ರಿಡ್ (ನೆಲವನ್ನು ಹಂಚಿದ ಚೌಕಗಳ ಜಾಲ) ಮತ್ತು ಪ್ರತಿಯೊಂದು ಬಾಯಿಯ ವಿವರ ಬೇಕು. ‘ಇಡೀ ನಗರದಲ್ಲಿ ಯಾವ ಬಡಾವಣೆಗಳಿಗೆ ಅಪಾಯ’ ಎಂಬುದಕ್ಕೆ 5 ಮೀಟರ್ ಗ್ರಿಡ್ ಮತ್ತು ಮುಖ್ಯ ಕೊಳವೆಗಳು ಸಾಕು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಎಸ್‌ಡಬ್ಲ್ಯುಎಂಎಂ ಉಚಿತ, ಕೊಳವೆ ಜಾಲಕ್ಕೆ ಗಟ್ಟಿಯಾದ ಸಾಧನ. ಆದರೆ ಅದರಲ್ಲಿ ಎರಡು ಆಯಾಮದ ಮೇಲ್ಮೈ ಇಲ್ಲ. ಅದನ್ನು ಪಿಸಿಎಸ್‌ಡಬ್ಲ್ಯುಎಂಎಂನಂಥ ಹೊದಿಕೆಯ (ಅದರ ಮೇಲೆ ಕಟ್ಟಿದ ಬೇರೆ ಸಾಫ್ಟ್‌ವೇರ್) ಮೂಲಕ ಪಡೆಯಬೇಕು. ಮೈಕ್+, ಇನ್ಫೋವರ್ಕ್ಸ್ ಐಸಿಎಂ, ಟಫ್‌ಲೋ ಎರಡನ್ನೂ ಒಟ್ಟಿಗೆ ಕೊಡುತ್ತವೆ, ಹಣ ಕೇಳುತ್ತವೆ. ಉಚಿತವಾದ ಹೆಕ್-ರಾಸ್‌ನ ಇತ್ತೀಚಿನ ಆವೃತ್ತಿಗಳಲ್ಲಿ ಕೊಳವೆ ಜಾಲವೂ ಸೇರಿದೆ. ಯಾವುದನ್ನು ಬಳಸಿದರೂ ಮುಂದಿನ ಹಂತಗಳು ಬದಲಾಗುವುದಿಲ್ಲ.

ಹಂತ 2: ನೆಲದ ಮಟ್ಟ

ರಸ್ತೆಯ ಹರಿವನ್ನು ಹಿಡಿದಿಡುವುದು 10–15 ಸೆಂ.ಮೀ. ಎತ್ತರದ ಕರ್ಬ್ ಕಲ್ಲು. ಅಂದರೆ ನಿಮ್ಮ ಮಟ್ಟದ ದತ್ತಾಂಶ ಅಷ್ಟು ಸಣ್ಣ ಏರಿಳಿತವನ್ನು ಹಿಡಿಯಬೇಕು. ಉಪಗ್ರಹದಿಂದ ಬರುವ 30 ಮೀಟರ್ ಮಟ್ಟದ ನಕ್ಷೆಯಲ್ಲಿ ಒಂದು ಚೌಕದೊಳಗೇ ರಸ್ತೆ, ಎರಡು ಬದಿಯ ಮನೆ, ಹಿತ್ತಲು ಎಲ್ಲ ಸೇರಿಹೋಗುತ್ತವೆ, ಎತ್ತರದ ದೋಷ ಮೀಟರ್‌ಗಳ ಲೆಕ್ಕದಲ್ಲಿರುತ್ತದೆ. ಅದನ್ನು 2 ಮೀಟರ್‌ಗೆ ಮರುಹಂಚಿಕೆ ಮಾಡಿದರೆ ಚಿತ್ರ ನುಣುಪಾಗುತ್ತದೆಯೇ ಹೊರತು ಮಾಹಿತಿ ಹೆಚ್ಚುವುದಿಲ್ಲ. 0.5–1 ಮೀಟರ್ ಲಿಡಾರ್ (ಆಕಾಶದಿಂದ ಲೇಸರ್ ಬಿಟ್ಟು ಅಳೆದ ನೆಲದ ಮಟ್ಟ) ಬೇಕು. ಅದು ಸಿಗದಿದ್ದರೆ ರಸ್ತೆಯ ನಡುರೇಖೆ, ಎರಡೂ ಗಟಾರದಂಚು, ಕರ್ಬ್ ತಲೆ, ಮನೆ ಬಾಗಿಲ ಹೊಸ್ತಿಲು ಇಷ್ಟನ್ನು ನೆಲದ ಸರ್ವೆಯಲ್ಲಿ ಅಳೆಸಿ.

ಲಿಡಾರ್ ಕೈಗೆ ಬಂದ ಮೇಲೆ ತಿದ್ದಬೇಕಾದವು:

- ಮೇಲ್ಸೇತುವೆ, ಪಾದಚಾರಿ ಸೇತುವೆ, ಮರದ ಕೊಂಬೆಗಳ ಎತ್ತರ ನೆಲವಾಗಿ ದಾಖಲಾಗಿದ್ದರೆ ತೆಗೆದುಹಾಕಿ. ಒಂದು ಮೇಲ್ಸೇತುವೆ ಹಾಗೇ ಉಳಿದರೆ ಮಾಡೆಲ್‌ನಲ್ಲಿ ಅದೊಂದು ಅಣೆಕಟ್ಟು. ಅದರ ಹಿಂದೆ ಇಲ್ಲದ ಕೆರೆ ಹುಟ್ಟುತ್ತದೆ.
- ಅಂಡರ್‌ಪಾಸ್‌ಗಳಲ್ಲಿ ಇದಕ್ಕೆ ತದ್ವಿರುದ್ಧ ತೊಂದರೆ: ಮೇಲಿನ ರಸ್ತೆಯ ಮಟ್ಟ ಮಾತ್ರ ದಾಖಲಾಗಿ ಕೆಳಗಿನ ಗುಂಡಿ ಮಾಯವಾಗಿರುತ್ತದೆ. ಅಲ್ಲಿನ ಮಟ್ಟವನ್ನು ಸರ್ವೆ ಮಾಡಿಸಿಯೇ ಹಾಕಬೇಕು.
- ಕಾಂಪೌಂಡ್ ಗೋಡೆಗಳು 20 ಸೆಂ.ಮೀ. ದಪ್ಪ, ಗ್ರಿಡ್ ಚೌಕ 2 ಮೀಟರ್. ಗೋಡೆ ಅದರಲ್ಲಿ ಕರಗಿಹೋಗುತ್ತದೆ. ಗೋಡೆ, ಕರ್ಬ್, ರಸ್ತೆ ವಿಭಜಕಗಳನ್ನು ಬ್ರೇಕ್‌ಲೈನ್ (ಎತ್ತರ ಥಟ್ಟನೆ ಬದಲಾಗುವ ಗೆರೆ) ಎಳೆದು ಚೌಕದ ಅಂಚಿಗೇ ಎತ್ತರ ಕೊಡಿ. ಗೇಟುಗಳಿರುವ ಕಡೆ ಗೆರೆ ತುಂಡರಿಸುವುದನ್ನು ಮರೆಯಬೇಡಿ.

ಕಟ್ಟಡಗಳನ್ನು ತೋರಿಸಲು ಮೂರು ದಾರಿ ಹೆಚ್ಚು ಬಳಕೆಯಲ್ಲಿವೆ. ಜಾಗವನ್ನೇ ಗ್ರಿಡ್‌ನಿಂದ ಕತ್ತರಿಸುವುದು, ನೆಲವನ್ನು ಕಟ್ಟಡದಷ್ಟು ಎತ್ತರಿಸುವುದು, ಅಥವಾ ಒರಟುತನ ಹೆಚ್ಚಿಸಿ ನೀರು ನಿಧಾನವಾಗಿ ಒಳಹೋಗಲು ಬಿಡುವುದು. ಕತ್ತರಿಸಿದರೆ ಆ ಛಾವಣಿಗಳ ಮೇಲೆ ಬಿದ್ದ ಮಳೆ ಲೆಕ್ಕದಿಂದ ಕಳೆದುಹೋಗುತ್ತದೆ. ದಟ್ಟ ಬಡಾವಣೆಯಲ್ಲಿ ಅರ್ಧ ಜಾಗ ಛಾವಣಿಯೇ ಆಗಿರಬಹುದಾದ್ದರಿಂದ ಇದು ಸಣ್ಣ ನಷ್ಟವಲ್ಲ. ಆ ನೀರನ್ನು ಬೇರೆ ಉಪಜಲಾನಯನವಾಗಿ (ಒಂದೇ ಬಿಂದುವಿಗೆ ನೀರು ಹರಿಸುವ ತುಂಡಾಗಿ) ಸೇರಿಸಬೇಕು. ಒರಟುತನದ ದಾರಿ ಹಿಡಿದರೆ ಮ್ಯಾನಿಂಗ್ ಗುಣಾಂಕ (ಒರಟುತನದ ಅಳತೆ) 0.3 ಅಥವಾ ಅದಕ್ಕಿಂತ ಹೆಚ್ಚು ಇರಲಿ. ಡಾಂಬರು ರಸ್ತೆಗೆ 0.015–0.025, ಹುಲ್ಲಿಗೆ 0.03–0.05 ಸಾಮಾನ್ಯ. ಬೀದಿಗಳು ಕಿರಿದಾಗಿದ್ದು ನೀರಿನ ದಿಕ್ಕು ಮುಖ್ಯವಾಗಿದ್ದರೆ ಎತ್ತರಿಸುವುದೇ ಮೇಲು.

ಗ್ರಿಡ್ ಗಾತ್ರಕ್ಕೆ ಒಂದು ಸರಳ ನಿಯಮ: ಅತಿ ಕಿರಿದಾದ ಮುಖ್ಯ ಹರಿವಿನ ದಾರಿಗೆ ಅಡ್ಡಲಾಗಿ ಕನಿಷ್ಠ 3–4 ಚೌಕಗಳು ಬೀಳಬೇಕು. ಹಾಗೆಂದು ಎಲ್ಲೆಡೆ ಅರ್ಧ ಮೀಟರ್ ಮಾಡಲು ಹೊರಡಬೇಡಿ. ಚೌಕದ ಬದಿ ಅರ್ಧವಾದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟು, ಕಾಲಹಂತ (ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕಿರುವ ಸಮಯ) ಅರ್ಧ, ಒಟ್ಟಿನಲ್ಲಿ ಲೆಕ್ಕದ ಹೊತ್ತು ಎಂಟು ಪಟ್ಟು.

ಹಂತ 3: ಕೊಳವೆ ಜಾಲ

ಪ್ರತಿ ಮ್ಯಾನ್‌ಹೋಲ್‌ಗೆ ಮುಚ್ಚಳದ ಮಟ್ಟ ಮತ್ತು ತಳದ ಮಟ್ಟ, ಪ್ರತಿ ಕೊಳವೆಗೆ ಆಕಾರ, ಗಾತ್ರ, ಎರಡೂ ತುದಿಯ ಇನ್ವರ್ಟ್ (ಕೊಳವೆಯ ಒಳತಳದ) ಮಟ್ಟ ಮತ್ತು ಉದ್ದ ಬೇಕು. ಹಳೆಯ ನಕ್ಷೆಗಳಲ್ಲಿ ಇವುಗಳಲ್ಲೊಂದು ಇಲ್ಲದಿರುವುದೇ ವಾಡಿಕೆ. ದತ್ತಾಂಶ ಸೇರಿಸಿದ ತಕ್ಷಣ ಈ ನಾಲ್ಕನ್ನು ಹುಡುಕಿ: ಕೆಳಗೆ ಹೋದಂತೆ ಗಾತ್ರ ಕಿರಿದಾಗುವ ಕೊಳವೆ, ಇಳಿಜಾರು ತಿರುಗುಮುರುಗಾದ ಕೊಳವೆ, ಎಲ್ಲಿಗೂ ಸೇರದ ತುದಿ, ಮುಚ್ಚಳಕ್ಕಿಂತ ಮೇಲೆ ಕೂತ ಇನ್ವರ್ಟ್. ಇವೆಲ್ಲ ತಪ್ಪೇ ಆಗಿರಬೇಕೆಂದಿಲ್ಲ. ನೆಲದಡಿಯಲ್ಲಿ ನಿಜವಾಗಿಯೂ ತಿರುಗುಮುರುಗು ಹಾಕಿದ ಕೊಳವೆಗಳಿರುತ್ತವೆ, ಪ್ರವಾಹಕ್ಕೆ ಅವೇ ಕಾರಣವಾಗಿರುವುದೂ ಉಂಟು. ಮುಚ್ಚಳ ತೆರೆಸಿ ನೋಡದೆ ತಿದ್ದಬೇಡಿ.

ಕೊಳವೆಯ ಹರಿವಿಗೆ ಪೂರ್ಣ ಡೈನಾಮಿಕ್ ವೇವ್ ವಿಧಾನವನ್ನೇ ಆರಿಸಿ. ಸರಳೀಕರಿಸಿದ ಕೈನೆಮ್ಯಾಟಿಕ್ ವೇವ್‌ಗೆ ಹಿಮ್ಮುಖ ಹರಿವು, ಕೆಳಗಿನಿಂದ ಬರುವ ತಡೆ, ಒತ್ತಡ ಯಾವುದೂ ಗೊತ್ತಿಲ್ಲ. ನಮಗೆ ಬೇಕಿರುವುದೇ ಅವು.

ಕೊಳವೆ ತುಂಬಿದ ಮೇಲೆ ತೆರೆದ ಕಾಲುವೆಯ ಸಮೀಕರಣ ನಿಲ್ಲುತ್ತದೆ. ಅದಕ್ಕೆ ಪ್ರೈಸ್‌ಮನ್ ಸೀಳು ಎಂಬ ಉಪಾಯವಿದೆ: ಕೊಳವೆಯ ನೆತ್ತಿಯ ಮೇಲೆ ಒಂದು ತೆಳು ಸೀಳು ಇದೆಯೆಂದು ಭಾವಿಸಿದರೆ, ಆ ಸೀಳಿನಲ್ಲಿ ಏರಿದ ನೀರೇ ಒತ್ತಡದ ಮಟ್ಟ. ಸೀಳು ಅಗಲವಾದರೆ ಇಲ್ಲದ ಸಂಗ್ರಹ ಸೇರಿಕೊಳ್ಳುತ್ತದೆ, ತೀರಾ ಕಿರಿದಾದರೆ ಒತ್ತಡದ ಅಲೆ ಅತಿವೇಗವಾಗಿ ಓಡಿ ಲೆಕ್ಕ ಅಲ್ಲಾಡುತ್ತದೆ. 600 ಮಿ.ಮೀ. ಕೊಳವೆಗೆ ವ್ಯಾಸದ ಶೇ 1ರಷ್ಟು, ಅಂದರೆ 6 ಮಿ.ಮೀ. ಸೀಳು ಕೊಟ್ಟರೆ ಅಲೆಯ ವೇಗ ಸೆಕೆಂಡಿಗೆ ಸುಮಾರು 21 ಮೀಟರ್. 20 ಮೀಟರ್ ಉದ್ದದ ತುಂಡಿನಲ್ಲಿ ಕಾಲಹಂತ 1 ಸೆಕೆಂಡಿಗಿಂತ ಕಡಿಮೆ ಇರಬೇಕೆಂಬುದು ಇದರಿಂದಲೇ ಗೊತ್ತಾಗುತ್ತದೆ. ಎಸ್‌ಡಬ್ಲ್ಯುಎಂಎಂನಲ್ಲಿ ತುಂಬಿದ ಕೊಳವೆಗೆ ಹಳೆಯ ಎಕ್ಸ್‌ಟ್ರಾನ್ ವಿಧಾನದ ಜೊತೆಗೆ ಸ್ಲಾಟ್, ಅಂದರೆ ಈ ಸೀಳಿನ, ಆಯ್ಕೆಯೂ ಇದೆ. ಎರಡರಲ್ಲೂ ಓಡಿಸಿ ತಾಳೆ ನೋಡುವುದು ಒಳ್ಳೆಯದು.

2–3 ಮೀಟರ್ ಉದ್ದದ ಚೂರು ಕೊಳವೆಗಳನ್ನು ಅಕ್ಕಪಕ್ಕದವುಗಳಿಗೆ ಸೇರಿಸಿಬಿಡಿ. ಅಂಥ ಒಂದು ತುಂಡು ಇಡೀ ಜಾಲದ ಕಾಲಹಂತವನ್ನು ಕೆಳಗೆಳೆಯುತ್ತದೆ.

ಹಂತ 4: ಮಳೆ, ಮತ್ತು ಅದನ್ನು ಎರಡು ಸಲ ಎಣಿಸದಿರುವುದು

ನಗರದ ಸಣ್ಣ ಜಲಾನಯನಗಳು 10–20 ನಿಮಿಷದಲ್ಲಿ ಪ್ರತಿಕ್ರಿಯಿಸುತ್ತವೆ. ಗಂಟೆಗೊಮ್ಮೆಯ ಮಳೆ ದಾಖಲೆ ಇಲ್ಲಿ ಉಪಯೋಗಕ್ಕಿಲ್ಲ. ಮೊದಲ 10 ನಿಮಿಷದಲ್ಲಿ 20 ಮಿ.ಮೀ., ಉಳಿದ 50 ನಿಮಿಷದಲ್ಲಿ 10 ಮಿ.ಮೀ. ಸುರಿಯಿತೆನ್ನಿ. ಗಂಟೆಯ ದಾಖಲೆ ತೋರಿಸುವ ತೀವ್ರತೆ ಗಂಟೆಗೆ 30 ಮಿ.ಮೀ., ರಸ್ತೆ ಕಂಡದ್ದು ಗಂಟೆಗೆ 120 ಮಿ.ಮೀ. 5 ನಿಮಿಷದ ಅಂತರ ಬಳಸಿ. ವಿನ್ಯಾಸ ಮಳೆಯಾದರೆ (ನಿಜವಾಗಿ ಬಿದ್ದದ್ದಲ್ಲ, ಲೆಕ್ಕಕ್ಕೆಂದು ಕಟ್ಟಿದ್ದು) ತೀವ್ರತೆ–ಅವಧಿ–ಆವರ್ತನ ವಕ್ರರೇಖೆಯಿಂದ ಚಿಕಾಗೋ ವಿಧಾನದಲ್ಲೋ ಪರ್ಯಾಯ ಖಂಡ ವಿಧಾನದಲ್ಲೋ ಕಟ್ಟಿ, 15, 30, 60, 120, 180 ನಿಮಿಷಗಳ ಅವಧಿಗಳನ್ನು ಬೇರೆ ಬೇರೆಯಾಗಿ ಓಡಿಸಿ. ಇಳಿಜಾರಿನ ಮೇಲ್ಭಾಗಕ್ಕೆ ಕಿರು ಮಳೆ ಕೆಟ್ಟದು, ತಗ್ಗಿಗೆ ಉದ್ದ ಮಳೆ ಕೆಟ್ಟದು. ಪ್ರತಿ ಜಾಗಕ್ಕೂ ಎಲ್ಲ ಓಟಗಳಲ್ಲಿ ಬಂದ ಗರಿಷ್ಠ ಆಳವನ್ನು ತೆಗೆದುಕೊಳ್ಳಿ.

ಮಳೆಯನ್ನು ಕೊಡಲು ಎರಡು ದಾರಿಗಳಿವೆ. ಉಪಜಲಾನಯನಗಳ ಮೂಲಕ ಹರಿವು ಲೆಕ್ಕ ಹಾಕಿ ಮ್ಯಾನ್‌ಹೋಲ್‌ಗೆ ಸುರಿಯುವುದು ಒಂದು, ನೇರವಾಗಿ ಗ್ರಿಡ್ ಮೇಲೆ ಮಳೆ ಸುರಿಸುವುದು ಇನ್ನೊಂದು. ಮೊದಲನೆಯದರ ದೋಷ: ನೀರು ಬಾಯಿಯ ಪರೀಕ್ಷೆಯನ್ನೇ ಎದುರಿಸದೆ ಕೊಳವೆಯೊಳಗೆ ಪ್ರತ್ಯಕ್ಷವಾಗುತ್ತದೆ. ಕೊಳವೆ ತುಂಬಿ ಉಕ್ಕಿದಾಗ ಮಾತ್ರ ರಸ್ತೆ ಒದ್ದೆಯಾಗುತ್ತದೆ. ಬಾಯಿ ಸಾಲದೆ ಆಗುವ ಪ್ರವಾಹ ಆ ಮಾಡೆಲ್‌ನಲ್ಲಿ ಕಾಣಿಸುವುದೇ ಇಲ್ಲ. ಕೊಳವೆಗೆ ನೇರ ಸಂಪರ್ಕವಿರುವ ಛಾವಣಿಗಳಿಗೆ ಮೊದಲನೆಯದು, ರಸ್ತೆ, ಅಂಗಳ, ಬಯಲಿಗೆ ಎರಡನೆಯದು ಎಂಬ ಮಿಶ್ರಣ ವಾಸ್ತವಕ್ಕೆ ಹತ್ತಿರ. ಹಾಗೆ ಮಾಡಿದಾಗ ಛಾವಣಿಯ ಚೌಕಗಳ ಮೇಲೆ ಗ್ರಿಡ್ ಮಳೆಯನ್ನು ಸೊನ್ನೆ ಮಾಡಿ, ಇಲ್ಲದಿದ್ದರೆ ಅದೇ ಮಳೆ ಎರಡು ಸಲ ಬೀಳುತ್ತದೆ. ಒಟ್ಟು ಮಳೆಯ ಗಾತ್ರವನ್ನು ಕೈಯಲ್ಲಿ ಗುಣಿಸಿ ಮಾಡೆಲ್ ವರದಿಯೊಡನೆ ಹೋಲಿಸಿದರೆ ತಪ್ಪು ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

ಇಂಗುವಿಕೆಗೆ ಹಾರ್ಟನ್, ಗ್ರೀನ್–ಆಂಪ್ಟ್ ಸೂತ್ರಗಳಲ್ಲಿ ಯಾವುದಾದರೂ ಸರಿ. ಕಾಂಕ್ರೀಟ್ ಹೆಚ್ಚಿರುವ ಕಡೆ ಅದರ ಪಾತ್ರ ಸಣ್ಣದು. ಗಟ್ಟಿ ಮೇಲ್ಮೈಯ ಗುಳಿಗಳಲ್ಲಿ ನಿಲ್ಲುವ ಆರಂಭಿಕ ನಷ್ಟ 1.3–2.5 ಮಿ.ಮೀ., ಹುಲ್ಲಿನ ಮೇಲೆ 2.5–5 ಮಿ.ಮೀ.

ಹಂತ 5: ಚರಂಡಿಯ ಬಾಯಿ

ಇಲ್ಲಿ ಆತುರ ಬೇಡ. ಮೇಲಿನ ನೀರಿಗೂ ಕೊಳವೆಯ ನೀರಿಗೂ ನಡುವಿನ ಸಂಬಂಧಕ್ಕೆ ಮೂರು ಸ್ಥಿತಿಗಳಿವೆ. ಕೊಳವೆಯ ಒತ್ತಡ ಮಟ್ಟ (ಒತ್ತಡದಿಂದ ನೀರು ಏರಬಲ್ಲ ಎತ್ತರ) ನೆಲಕ್ಕಿಂತ ಕೆಳಗಿದ್ದರೆ ನೀರು ಅಡೆತಡೆಯಿಲ್ಲದೆ ಇಳಿಯುತ್ತದೆ, ಹರಿವನ್ನು ತೀರ್ಮಾನಿಸುವುದು ಮೇಲಿನ ಆಳ ಮಾತ್ರ. ಒತ್ತಡ ಮಟ್ಟ ನೆಲಕ್ಕಿಂತ ಮೇಲಿದ್ದು ರಸ್ತೆಯ ನೀರಿಗಿಂತ ಕೆಳಗಿದ್ದರೆ ಇನ್ನೂ ಇಳಿಯುತ್ತದೆ, ಆದರೆ ಎರಡರ ಅಂತರದಷ್ಟೇ ಬಲದಲ್ಲಿ. ಒತ್ತಡ ಮಟ್ಟ ರಸ್ತೆಯ ನೀರನ್ನೂ ಮೀರಿದರೆ ದಿಕ್ಕು ತಿರುಗಿ ನೀರು ಹೊರಗುಕ್ಕುತ್ತದೆ.

ತಗ್ಗಿನಲ್ಲಿರುವ ಜಾಲರಿ ಬಾಯಿಗೆ ಅಮೆರಿಕದ ಹೆದ್ದಾರಿ ಇಲಾಖೆಯ ಹೆಕ್-22 ಕೈಪಿಡಿಯ ಸೂತ್ರಗಳು ಎಲ್ಲೆಡೆ ಬಳಕೆಯಲ್ಲಿವೆ. ನೀರು ಕಡಿಮೆಯಿದ್ದಾಗ ಅಂಚಿನಿಂದ ವೀಯರ್‌ನಂತೆ, ಅಂದರೆ ತಡೆಗೋಡೆಯ ಮೇಲಿಂದ ಧುಮುಕುವಂತೆ, ಇಳಿಯುತ್ತದೆ (ಅಳತೆಗಳು ಮೀಟರ್‌ನಲ್ಲಿ, ಹರಿವು ಸೆಕೆಂಡಿಗೆ ಘನ ಮೀಟರ್‌ನಲ್ಲಿ):

ಹರಿವು = 1.66 × ಪರಿಧಿ × ಆಳದ 1.5ನೇ ಘಾತ

ಆಳ ಹೆಚ್ಚಿದಾಗ ರಂಧ್ರದಂತೆ, ಅಂದರೆ ಆರಿಫಿಸ್‌ನಂತೆ:

ಹರಿವು = 0.67 × ತೆರೆದ ವಿಸ್ತೀರ್ಣ × (2 × 9.81 × ಆಳ) ಇದರ ವರ್ಗಮೂಲ

ಎರಡರಲ್ಲಿ ಕಡಿಮೆ ಬಂದದ್ದೇ ನಿಜ. ಕರ್ಬ್ ಪಕ್ಕದಲ್ಲಿ 0.9 ಮೀ. ಉದ್ದ, 0.45 ಮೀ. ಅಗಲದ ಒಂದು ಜಾಲರಿ ಇದೆಯೆನ್ನೋಣ. ಕರ್ಬ್ ಬದಿ ಬಿಟ್ಟರೆ ಪರಿಧಿ 1.8 ಮೀ., ಸರಳುಗಳ ನಡುವಿನ ತೆರೆದ ವಿಸ್ತೀರ್ಣ 0.2 ಚದರ ಮೀಟರ್. ಆಳ 5 ಸೆಂ.ಮೀ. ಇದ್ದಾಗ ಅದು ನುಂಗುವುದು ಸೆಕೆಂಡಿಗೆ 33 ಲೀಟರ್. 15 ಸೆಂ.ಮೀ. ಇದ್ದಾಗ 174 ಲೀಟರ್. ಸುಮಾರು 20 ಸೆಂ.ಮೀ. ದಾಟಿದ ಮೇಲೆ ಆರಿಫಿಸ್ ಸ್ಥಿತಿ ಬರುತ್ತದೆ, 30 ಸೆಂ.ಮೀ.ನಲ್ಲಿ 325 ಲೀಟರ್.

ಈಗ ಕೆಳಗಿನ ಕೊಳವೆಯನ್ನು ನೋಡಿ. 600 ಮಿ.ಮೀ. ವ್ಯಾಸ, 200ಕ್ಕೆ 1 ಇಳಿಜಾರು, ಮ್ಯಾನಿಂಗ್ 0.013 ಇರುವ ಕೊಳವೆ ತುಂಬಿ ಹರಿದಾಗ ಒಯ್ಯುವುದು ಸೆಕೆಂಡಿಗೆ ಸುಮಾರು 434 ಲೀಟರ್. ರಸ್ತೆಯಲ್ಲಿ ನೀರು 5 ಸೆಂ.ಮೀ. ಮೀರಬಾರದು ಎಂದಾದರೆ ಈ ಕೊಳವೆಯನ್ನು ತುಂಬಿಸಲು ಇಂಥ 13 ಬಾಯಿಗಳು ಬೇಕು. ಜಾಲರಿಯ ಅರ್ಧ ಭಾಗ ಎಲೆ, ಪ್ಲಾಸ್ಟಿಕ್, ಹೂಳಿನಿಂದ ಮುಚ್ಚಿದ್ದರೆ 26. ಆ ಉದ್ದದ ರಸ್ತೆಯಲ್ಲಿ ನಿಜಕ್ಕೂ ಎಷ್ಟಿವೆ ಎಂದು ಎಣಿಸಿದರೆ ಮಾಡೆಲ್ ಓಡಿಸುವ ಮೊದಲೇ ಅರ್ಧ ಉತ್ತರ ಸಿಗುತ್ತದೆ.

ಜಾಲರಿ ದೊಡ್ಡದಿದ್ದರೂ ಅದರ ಅಡಿಯ ಗುಂಡಿಯಿಂದ ಮುಖ್ಯ ಕೊಳವೆಗೆ ಹೋಗುವ ಅಡ್ಡಕೊಳವೆ 150 ಮಿ.ಮೀ. ಇದ್ದರೆ ಆಟ ಅಲ್ಲಿಗೇ ಮುಗಿಯಿತು. ಅದರ ಮೇಲೆ 0.8 ಮೀ. ನೀರಿನ ಮಟ್ಟವಿದ್ದು ಗುಣಾಂಕ 0.6 ಎಂದುಕೊಂಡರೆ ಸೆಕೆಂಡಿಗೆ 42 ಲೀಟರ್‌ಗಿಂತ ಹೆಚ್ಚು ಹೋಗದು. ಜಾಲರಿಯ ಸೂತ್ರ 174 ಎಂದರೂ ಮಾಡೆಲ್‌ಗೆ ಕೊಡಬೇಕಾದದ್ದು 42. ಪ್ರತಿ ಬಗೆಯ ಬಾಯಿಗೂ ಆಳ–ಹರಿವಿನ ಪಟ್ಟಿ ತಯಾರಿಸಿ, ಅಡ್ಡಕೊಳವೆಯ ಮಿತಿಯಲ್ಲಿ ಅದನ್ನು ಕತ್ತರಿಸಿಬಿಡಿ.

ಇಳಿಜಾರು ರಸ್ತೆಯ ಬಾಯಿಗಳ ಕಥೆ ಬೇರೆ. ಅಲ್ಲಿ ನೀರು ನಿಲ್ಲುವುದಿಲ್ಲ, ಓಡುತ್ತಾ ಸ್ವಲ್ಪ ಒಳಗಿಳಿದು ಉಳಿದದ್ದು ಮುಂದೆ ಹೋಗುತ್ತದೆ. ಉದ್ದಕ್ಕೆ ಶೇ 1, ಅಡ್ಡಕ್ಕೆ ಶೇ 2 ಇಳಿಜಾರಿನ ರಸ್ತೆಯಲ್ಲಿ ನೀರು ಕರ್ಬ್‌ನಿಂದ 3 ಮೀಟರ್ ಹರಡಿದಾಗ ಸೆಕೆಂಡಿಗೆ ಸುಮಾರು 64 ಲೀಟರ್ ಹರಿಯುತ್ತಿರುತ್ತದೆ. ಆದರೆ ಕರ್ಬ್ ಬಳಿ ಆಳ ಬರೀ 6 ಸೆಂ.ಮೀ. ಈ ತ್ರಿಕೋನಾಕಾರದ ತೆಳು ಹರಿವು 2 ಮೀಟರ್ ಗ್ರಿಡ್‌ನಲ್ಲಿ ಒಂದೂವರೆ ಚೌಕದೊಳಗೆ ಅಡಗಿಬಿಡುತ್ತದೆ. ಚೌಕದ ಸರಾಸರಿ ಆಳವನ್ನು ಸೂತ್ರಕ್ಕೆ ಕೊಟ್ಟರೆ ಬಾಯಿ ನಿಜಕ್ಕಿಂತ ಕಡಿಮೆ ನುಂಗುತ್ತದೆ. ಇಂಥ ಕಡೆ ಎಸ್‌ಡಬ್ಲ್ಯುಎಂಎಂ 5.2ರಲ್ಲಿ ಬಂದ ರಸ್ತೆ ಮತ್ತು ಇನ್‌ಲೆಟ್ ಅಂಶಗಳನ್ನು ಬಳಸಬಹುದು. ಇಲ್ಲವೇ ಗಟಾರದ ಸಾಲಿನಲ್ಲಿ ಮಾತ್ರ ಗ್ರಿಡ್ ಅನ್ನು ಅರ್ಧ ಮೀಟರ್‌ಗೆ ಇಳಿಸಬಹುದು.

ಮ್ಯಾನ್‌ಹೋಲ್ ಮುಚ್ಚಳ ಚರಂಡಿಯ ಬಾಯಿಯಲ್ಲ. ಬಹಳ ಮಾಡೆಲ್‌ಗಳಲ್ಲಿ ಬಾಯಿಗಳ ಸರ್ವೆ ಇಲ್ಲದ ಕಾರಣಕ್ಕೆ ಪ್ರತಿ ಮ್ಯಾನ್‌ಹೋಲನ್ನೂ ಒಂದು ಚದರ ಮೀಟರ್ ತೂತಿನಂತೆ ಮೇಲ್ಮೈಗೆ ಜೋಡಿಸಿರುತ್ತಾರೆ. ಆಗ ರಸ್ತೆ ಎಷ್ಟು ಮಳೆ ಬಂದರೂ ಒಣಗಿರುತ್ತದೆ, ತಪ್ಪೆಲ್ಲ ಕೊಳವೆಯ ತಲೆಗೆ ಬರುತ್ತದೆ. ಮುಚ್ಚಳ ಕೆಲಸಕ್ಕೆ ಬರುವುದು ಹೊರಗುಕ್ಕುವಾಗ. 50 ಕೆ.ಜಿ. ತೂಕದ, 0.6 ಮೀ. ವ್ಯಾಸದ ಬಿಗಿಯದ ಮುಚ್ಚಳವನ್ನು ಎತ್ತಲು ನೆಲಕ್ಕಿಂತ 18 ಸೆಂ.ಮೀ. ಹೆಚ್ಚಿನ ಒತ್ತಡ ಮಟ್ಟ ಸಾಕು. ಅಲ್ಲಿಯವರೆಗೆ ಸೋರಿಕೆ ಮಾತ್ರ. ಬೋಲ್ಟ್ ಹಾಕಿದ ಮುಚ್ಚಳಗಳನ್ನು ಪ್ರತ್ಯೇಕವಾಗಿ ಗುರುತಿಸಿ.

ಹತ್ತಿರದ ಬಾಯಿಗಳನ್ನು ಒಂದೇ ಬಿಂದುವಿಗೆ ಸೇರಿಸಬಹುದೇ? 20–30 ಮೀಟರ್ ಒಳಗಿದ್ದು, ಒಂದೇ ಮಟ್ಟದಲ್ಲಿದ್ದು, ಒಂದೇ ಮ್ಯಾನ್‌ಹೋಲ್‌ಗೆ ಸೇರುತ್ತಿದ್ದರೆ ಸೇರಿಸಿ. ತಗ್ಗಿನ ತಳದಲ್ಲಿರುವ ಬಾಯಿಯನ್ನು ಮಾತ್ರ ಯಾವತ್ತೂ ಬೇರೆಯಾಗಿಯೇ ಇಡಿ.

ಹಂತ 6: ಜೋಡಿಸುವುದು

ಬಾಯಿಯ ಬಿಂದು ಯಾವ ಚೌಕಕ್ಕೆ ಬಿತ್ತು ಎಂದು ಒಂದೊಂದಾಗಿ ನೋಡಿ. ಸರ್ವೆಯಲ್ಲಿ ಒಂದು ಮೀಟರ್ ಪಕ್ಕಕ್ಕೆ ಸರಿದ ಬಿಂದು ಕರ್ಬ್‌ನ ಮೇಲೋ ಕಟ್ಟಡದೊಳಗೋ ಕೂತಿದ್ದರೆ ಅದಕ್ಕೆ ಒಂದು ಹನಿಯೂ ಸಿಗದು. ಸುತ್ತಲಿನ ಎರಡು ಮೀಟರ್ ಒಳಗಿರುವ ಅತಿ ತಗ್ಗಿನ ರಸ್ತೆ ಚೌಕಕ್ಕೆ ಅದನ್ನು ಸರಿಸಿ.

ಆಮೇಲೆ ಎರಡು ಕಾಲಂ ಪಟ್ಟಿ ಮಾಡಿ: ಬಾಯಿಯ ಸರ್ವೆ ಮಟ್ಟ, ಚೌಕದ ನೆಲಮಟ್ಟ. ಬಾಯಿ 25 ಸೆಂ.ಮೀ. ಮೇಲಿದ್ದರೆ ರಸ್ತೆಯಲ್ಲಿ ಅಷ್ಟು ನೀರು ನಿಂತ ಮೇಲಷ್ಟೇ ಒಳಹರಿವು ಆರಂಭ. 5 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿರುವುದನ್ನೆಲ್ಲ ಬೇರ್ಪಡಿಸಿ. ವ್ಯತ್ಯಾಸ ಎಲ್ಲೆಡೆ ಒಂದೇ ಆಗಿದ್ದರೆ ಎರಡು ದತ್ತಾಂಶಗಳ ಆಧಾರ ಮಟ್ಟ ಬೇರೆ ಬೇರೆ, ಒಂದಕ್ಕೆ ಕೂಡಿ ಕಳೆದು ಸರಿಪಡಿಸಿ. ಚದುರಿದಂತಿದ್ದರೆ ಒಂದೊಂದನ್ನೂ ನೆಲದ ಮೇಲೆ ನೋಡಬೇಕು. ಇಡೀ ಕೆಲಸದಲ್ಲಿ ಇಷ್ಟು ಅಗ್ಗವಾಗಿ ಇಷ್ಟು ತಪ್ಪು ಹಿಡಿಯುವ ಪರೀಕ್ಷೆ ಬೇರೆ ಇಲ್ಲ.

ಎಸ್‌ಡಬ್ಲ್ಯುಎಂಎಂನಲ್ಲಿ ಪಾಂಡಿಂಗ್ (ಉಕ್ಕಿದ ನೀರನ್ನು ಮ್ಯಾನ್‌ಹೋಲ್ ಮೇಲೆ ನಿಲ್ಲಿಸಿಡುವ) ಆಯ್ಕೆ ತೆರೆದಿದ್ದು ಮೇಲ್ಮೈ ಗ್ರಿಡ್ ಕೂಡ ಇದ್ದರೆ ಅದೇ ನೀರಿಗೆ ಎರಡು ಸಂಗ್ರಹವಾಗುತ್ತದೆ. ಅದನ್ನು ಮುಚ್ಚಿ. ಹಾಗೆಯೇ, ಪಾಂಡಿಂಗ್ ಮುಚ್ಚಿದ ಮೇಲೆ ಗ್ರಿಡ್‌ಗೆ ಜೋಡಿಸದೆ ಉಳಿದ ಮ್ಯಾನ್‌ಹೋಲ್‌ನಿಂದ ಉಕ್ಕಿದ ನೀರು ಲೆಕ್ಕದಿಂದಲೇ ಹೊರಗೆ ಹೋಗಿಬಿಡುತ್ತದೆ.

ಕಾಲಹಂತಕ್ಕೆ ಬರೋಣ. ಮೇಲ್ಮೈಯಲ್ಲಿ ಅದು ಚೌಕದ ಬದಿಯನ್ನು (ವೇಗ + ಅಲೆಯ ವೇಗ) ಇದರಿಂದ ಭಾಗಿಸಿದ್ದಕ್ಕಿಂತ ಕಡಿಮೆ ಇರಬೇಕು. 2 ಮೀಟರ್ ಚೌಕ, ಅರ್ಧ ಮೀಟರ್ ಆಳ, ಸೆಕೆಂಡಿಗೆ 1.5 ಮೀಟರ್ ವೇಗವಾದರೆ ಸುಮಾರು 0.5 ಸೆಕೆಂಡ್. ಕೊಳವೆ ಮತ್ತು ಮೇಲ್ಮೈ ಪರಸ್ಪರ ಮಾಹಿತಿ ಕೊಟ್ಟುಕೊಳ್ಳುವ ಅಂತರವೂ ಅಷ್ಟೇ ಮುಖ್ಯ. 2 ಮೀಟರ್ ಚೌಕದಲ್ಲಿ 5 ಸೆಂ.ಮೀ. ನೀರೆಂದರೆ 200 ಲೀಟರ್. ಸೆಕೆಂಡಿಗೆ 33 ಲೀಟರ್ ನುಂಗುವ ಬಾಯಿ ಅದನ್ನು 6 ಸೆಕೆಂಡಿನಲ್ಲಿ ಬರಿದು ಮಾಡುತ್ತದೆ. ವಿನಿಮಯದ ಅಂತರ 10 ಸೆಕೆಂಡ್ ಇಟ್ಟರೆ ಚೌಕ ಒಮ್ಮೆ ಒಣಗಿ ಒಮ್ಮೆ ತುಂಬಿ, ಹರಿವಿನ ಗ್ರಾಫ್ ಗರಗಸದ ಹಲ್ಲಿನಂತಾಗುತ್ತದೆ. 1 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಇಡಿ. ಒಂದು ದೊಡ್ಡ ಬಾಯಿಯನ್ನು ಎರಡು–ಮೂರು ಚೌಕಗಳಿಗೆ ಹಂಚಿದರೂ ಅಲುಗಾಟ ತಗ್ಗುತ್ತದೆ. ಕೊಳವೆಯ ಮಟ್ಟವೂ ರಸ್ತೆಯ ಮಟ್ಟವೂ ಹೆಚ್ಚುಕಡಿಮೆ ಸಮವಾದಾಗ ಹರಿವಿನ ದಿಕ್ಕು ಹೊಯ್ದಾಡುವುದು ಇನ್ನೊಂದು ಕಾಟ. ಅದಕ್ಕೂ ಮದ್ದು ಸಣ್ಣ ಅಂತರವೇ.

ಹಂತ 7: ಕೆಳತುದಿ

ಔಟ್‌ಫಾಲ್ (ಜಾಲದ ನೀರು ಹೊರಬೀಳುವ ತುದಿ) ನದಿ, ಕೆರೆ ಅಥವಾ ಸಮುದ್ರಕ್ಕೆ ಬಿದ್ದರೆ ಅಲ್ಲಿನ ಮಟ್ಟವೇ ಜಾಲದ ಹಣೆಬರಹ. ಹೊರಗಿನ ನೀರು ಕೊಳವೆಯ ತುದಿಗಿಂತ 1.1 ಮೀಟರ್ ಮೇಲಿದ್ದು ಇಳಿಜಾರು 200ಕ್ಕೆ 1 ಆಗಿದ್ದರೆ, ಮಳೆ ಶುರುವಾಗುವ ಮೊದಲೇ 220 ಮೀಟರ್ ಉದ್ದಕ್ಕೂ ನೀರು ಹಿಂದಕ್ಕೆ ನಿಂತಿರುತ್ತದೆ. ‘ಮುಕ್ತ ಪತನ’ (ಹೊರಗೆ ಯಾವ ತಡೆಯೂ ಇಲ್ಲ) ಎಂಬ ಸಿದ್ಧ ಆಯ್ಕೆಯನ್ನು ಯೋಚಿಸದೆ ಬಿಡಬೇಡಿ. ಏಕಮುಖ ಬಾಗಿಲು ಇದ್ದರೆ ಅದನ್ನೂ ಹಾಕಿ, ಅದು ಕಸ ಸಿಕ್ಕಿ ತೆರೆದೇ ಉಳಿದ ಸ್ಥಿತಿಯನ್ನೂ ಒಮ್ಮೆ ಓಡಿಸಿ. ಮೇಲ್ಮೈ ಗ್ರಿಡ್‌ನ ಅಂಚಿನಲ್ಲೂ ನೀರು ಹೊರಹೋಗುವ ದಾರಿ ಕೊಡಿ. ಮುಚ್ಚಿದ ಅಂಚು ಗೋಡೆಯಿದ್ದಂತೆ, ಅದರ ಬಳಿ ಬಂದ ಆಳವನ್ನು ನಂಬಬೇಡಿ.

ಹಂತ 8: ಮೊದಲು ಆಟಿಕೆ, ಆಮೇಲೆ ಊರು

ನಿಜವಾದ ಮಾಡೆಲ್ ಓಡಿಸುವ ಮುನ್ನ ಉತ್ತರ ಗೊತ್ತಿರುವ ಒಂದು ಪುಟ್ಟ ಮಾಡೆಲ್ ಕಟ್ಟಿ. 100 ಮೀ. ಉದ್ದ, 20 ಮೀ. ಅಗಲ, ಶೇ 1 ಇಳಿಜಾರು, ಸುತ್ತಲೂ ಗೋಡೆ, ಕೆಳ ಅಂಚಿನಲ್ಲಿ ಮೇಲೆ ಹೇಳಿದ ಒಂದು ಜಾಲರಿ. ಗಂಟೆಗೆ 60 ಮಿ.ಮೀ. ಮಳೆಯನ್ನು 30 ನಿಮಿಷ ಸುರಿಸಿದರೆ ಒಟ್ಟು ನೀರು 60 ಘನ ಮೀಟರ್, ಹರಿವು ಸೆಕೆಂಡಿಗೆ 33 ಲೀಟರ್.

ಮೊದಲ ಓಟದಲ್ಲಿ ಬಾಯಿ ತೆರೆದಿರಲಿ. ಬಾಯಿಯ ಬಳಿ ಆಳ ಸುಮಾರು 5 ಸೆಂ.ಮೀ.ನಲ್ಲಿ ಸ್ಥಿರವಾಗಬೇಕು. ಎರಡನೆಯದರಲ್ಲಿ ಬಾಯಿ ಮುಚ್ಚಿ. ನೀರೆಲ್ಲ ತಳಕ್ಕೆ ಬಂದ ಮೇಲೆ ಕೆಳ ಅಂಚಿನಲ್ಲಿ ಆಳ ಸುಮಾರು 24.5 ಸೆಂ.ಮೀ. ಇರಬೇಕು, 2 ಮೀಟರ್ ಚೌಕದ ಮಧ್ಯಬಿಂದುವಿನಲ್ಲಿ ಅದಕ್ಕಿಂತ 1 ಸೆಂ.ಮೀ. ಕಡಿಮೆ. ಮೂರನೆಯದರಲ್ಲಿ ಮಳೆ ಬೇಡ. ಕೊಳವೆಯ ತುದಿಯಲ್ಲಿ ನೀರಿನ ಮಟ್ಟವನ್ನು ಕೆಳ ಅಂಚಿನ ನೆಲಕ್ಕಿಂತ 20 ಸೆಂ.ಮೀ. ಮೇಲೆ ಹಿಡಿದಿಡಿ. ನೀರು ಹೊರಗುಕ್ಕಿ, ಸುಮಾರು 40 ಘನ ಮೀಟರ್ ಆದಾಗ ತಾನಾಗಿ ನಿಲ್ಲಬೇಕು. ಮೂರರಲ್ಲಿ ಒಂದು ತಪ್ಪಿದರೂ ಜೋಡಣೆಯ ಸೆಟ್ಟಿಂಗ್‌ನಲ್ಲಿ ಏನೋ ಕೆಟ್ಟಿದೆ. ಊರಿನ ಮಾಡೆಲ್‌ನಲ್ಲಿ ಅದನ್ನು ಹುಡುಕಲು ವಾರಗಳೇ ಬೇಕಾಗುತ್ತವೆ.

ದೊಡ್ಡ ಮಾಡೆಲ್ ಓಡಿದ ಮೇಲೆ ನೀರಿನ ಲೆಕ್ಕದ ದೋಷ ನೋಡಿ. ಶೇ 1–2ರೊಳಗಿದ್ದರೆ ಸರಿ. ಕೊಳವೆ, ಮೇಲ್ಮೈ, ವಿನಿಮಯ ಮೂರಕ್ಕೂ ಬೇರೆ ಬೇರೆಯಾಗಿ ನೋಡಬೇಕು. ಒಂದರ ಹೆಚ್ಚಳ ಇನ್ನೊಂದರ ಕೊರತೆಯನ್ನು ಮುಚ್ಚಿಹಾಕಬಲ್ಲದು.

ಹಂತ 9: ನಿಜದೊಡನೆ ತಾಳೆ

ಕೊಳವೆಯೊಳಗೆ ಹರಿವು ಮಾಪಕ, ಒಂದೆರಡು ತಗ್ಗುಗಳಲ್ಲಿ ಮಟ್ಟದ ಸೆನ್ಸರ್, 5 ನಿಮಿಷದ ಮಳೆಮಾಪಕ ಇವಿಷ್ಟು ಆದರ್ಶ. ಇವಿಲ್ಲದಿದ್ದರೂ ಗೋಡೆಯ ಮೇಲಿನ ನೀರಿನ ಗುರುತು, ಸಮಯವಿರುವ ಫೋಟೊ, ಸಿಸಿಟಿವಿ ದೃಶ್ಯ, ಅಗ್ನಿಶಾಮಕ ಕರೆಗಳ ದಾಖಲೆ ಉಪಯೋಗಕ್ಕೆ ಬರುತ್ತವೆ. ಫೋಟೊದಲ್ಲಿ ಕರ್ಬ್, ಕಾರಿನ ಚಕ್ರ, ಮೆಟ್ಟಿಲು ಕಂಡರೆ ಆಳವನ್ನು 5–10 ಸೆಂ.ಮೀ. ನಿಖರತೆಯಲ್ಲಿ ಅಂದಾಜಿಸಬಹುದು.

ಸಣ್ಣ ಮಳೆಗಳಿಂದ ಆರಂಭಿಸಿ. ರಸ್ತೆ ತುಂಬದ ಮಳೆಯಲ್ಲಿ ಒಟ್ಟು ಗಾತ್ರ ತಾಳೆಯಾಗದಿದ್ದರೆ ತಿದ್ದಬೇಕಾದದ್ದು ಗಟ್ಟಿ ಮೇಲ್ಮೈಯ ಪ್ರಮಾಣ ಮತ್ತು ಯಾವ ಛಾವಣಿ ಎಲ್ಲಿಗೆ ಸೇರುತ್ತದೆ ಎಂಬುದು. ಗಾತ್ರ ಸರಿಯಿದ್ದು ಸಮಯ ತಪ್ಪಿದ್ದರೆ ಒರಟುತನ. ದೊಡ್ಡ ಮಳೆಯಲ್ಲಿ ಮಾತ್ರ ತಪ್ಪುತ್ತಿದ್ದರೆ ಬಾಯಿಗಳ ಮುಚ್ಚಿಕೆ ಪ್ರಮಾಣ. ಗಾತ್ರದ ತಪ್ಪನ್ನು ಮ್ಯಾನಿಂಗ್ ಗುಣಾಂಕದಿಂದ ಮುಚ್ಚಲು ಹೋದವರು ಡಾಂಬರಿಗೆ 0.1 ಕೊಟ್ಟು ಕೂರುತ್ತಾರೆ. ಆ ಮಾಡೆಲ್ ಆ ಒಂದು ಮಳೆಗೆ ಮಾತ್ರ ಸರಿ.

ಹಂತ 10: ಫಲಿತಾಂಶ ಓದುವುದು

ಗ್ರಿಡ್ ಮೇಲೆ ಮಳೆ ಸುರಿಸಿದಾಗ ಪ್ರತಿ ಚೌಕದಲ್ಲೂ ಒಂದಿಷ್ಟು ನೀರಿರುತ್ತದೆ. 5 ಸೆಂ.ಮೀ.ಗಿಂತ ಕಡಿಮೆ ಆಳವನ್ನು ನಕ್ಷೆಯಿಂದ ತೆಗೆಯದಿದ್ದರೆ ಇಡೀ ಊರು ನೀಲಿ ಕಾಣುತ್ತದೆ. ಅಪಾಯಕ್ಕೆ ಆಳವೊಂದೇ ಸಾಲದು, ಆಳ × ವೇಗವೂ ಬೇಕು. ಆಸ್ಟ್ರೇಲಿಯದ ಮಾರ್ಗಸೂಚಿಯಲ್ಲಿ ಆಳ 0.3 ಮೀ., ವೇಗ ಸೆಕೆಂಡಿಗೆ 2 ಮೀ., ಇವೆರಡರ ಗುಣಲಬ್ಧ 0.3 ಇಷ್ಟರೊಳಗಿದ್ದರೆ ಜನರಿಗೂ ವಾಹನಗಳಿಗೂ ಸಾಮಾನ್ಯವಾಗಿ ಸುರಕ್ಷಿತ. ಅದನ್ನು ಮೀರಿದರೆ ಮೊದಲು ತೇಲುವುದು ಸಣ್ಣ ಕಾರುಗಳು.

ಆಮೇಲೆ ಆರಂಭದ ಪ್ರಶ್ನೆ: ನೀರು ಯಾಕೆ ನಿಂತಿತು? ರಸ್ತೆಯಲ್ಲಿ ನೀರು ಗರಿಷ್ಠವಿದ್ದ ಕ್ಷಣದಲ್ಲಿ ಅಡಿಯ ಕೊಳವೆ ತುಂಬಿರದಿದ್ದರೆ ಕೊರತೆ ಬಾಯಿಯದು. ಕೊಳವೆ ತುಂಬಿದ್ದರೆ ಒತ್ತಡ ಮಟ್ಟದ ಗೆರೆಯ ಇಳಿಜಾರನ್ನು ಕೊಳವೆಯ ಇಳಿಜಾರಿನೊಡನೆ ಹೋಲಿಸಿ. ಒತ್ತಡದ ಗೆರೆ ಹೆಚ್ಚು ಕಡಿದಾಗಿದ್ದರೆ ಆ ಕೊಳವೆಯೇ ಕಿರಿದು. ಚಪ್ಪಟೆಯಾಗಿದ್ದರೆ ಕೊಳವೆಯದೇನೂ ತಪ್ಪಿಲ್ಲ, ಕೆಳಗೆಲ್ಲೋ ತಡೆಯಿದೆ. ಅಲ್ಲಿ ಕೊಳವೆ ದೊಡ್ಡದು ಮಾಡಿದರೂ ಮಟ್ಟ ಇಳಿಯದು.

ಇದನ್ನು ಖಚಿತಪಡಿಸಲು ಅದೇ ಮಳೆಗೆ ಇನ್ನೂ ಮೂರು ಓಟಗಳನ್ನು ಮಾಡಿ. ಒಂದರಲ್ಲಿ ಬಾಯಿಗಳ ಸಾಮರ್ಥ್ಯವನ್ನು ಹತ್ತು ಪಟ್ಟು ಹೆಚ್ಚಿಸಿ, ಇನ್ನೊಂದರಲ್ಲಿ ಔಟ್‌ಫಾಲ್ ಅನ್ನು ಮುಕ್ತ ಪತನ ಮಾಡಿ, ಮತ್ತೊಂದರಲ್ಲಿ ಶಂಕೆಯಿರುವ ಕೊಳವೆಯನ್ನು ಒಂದು ಗಾತ್ರ ದೊಡ್ಡದು ಮಾಡಿ. ಒಂದು ಓಟದಲ್ಲಿ ಒಂದೇ ಬದಲಾವಣೆ. ಬಾಯಿಗಳನ್ನು ಹಿಗ್ಗಿಸಿದ ಓಟದಲ್ಲಿ ನಿಮ್ಮ ಬೀದಿ ಒಣಗಿತೆನ್ನಿ, ಕೆಳಗಿನ ಬಡಾವಣೆಯ ಮ್ಯಾನ್‌ಹೋಲ್‌ಗಳ ಮಟ್ಟವನ್ನೂ ಅದೇ ಓಟದಲ್ಲಿ ನೋಡಿ. ಮೇಲೆ ಬೇಗ ಇಳಿದ ನೀರು ಅಲ್ಲಿ ಮುಚ್ಚಳ ಎತ್ತುತ್ತಿದ್ದರೆ, ಜಾಲರಿಗಳ ಜೊತೆಗೆ ನೀರನ್ನು ತಡೆದಿಡುವ ತೊಟ್ಟಿಯನ್ನೂ ಸೇರಿಸಿ ಮತ್ತೊಮ್ಮೆ ಓಡಿಸಬೇಕು.